ಚುಕ್ಕಿಗಳ ನಡುವೆ ಒಂದು ದಪ್ಪ ಹೆಸರು

ನಮ್ಮ ಮನೆಯ ಕಂಪ್ಯೂಟರಿನ ಕೀಲಿಮಣೆಯಲ್ಲಿ ಎಂಟರ ಗುಂಡಿ ಮಾತ್ರ ಹಳದಿ. ಮಿಕ್ಕವೆಲ್ಲ ಬೆಳ್ಳಗೆ ಬಂದು, ಕಾಲಧರ್ಮಕ್ಕೆ ತಲೆಬಾಗಿ ಬೂದಿಬಣ್ಣಕ್ಕೆ ತಿರುಗಿದವು. ಇದೊಂದು ಅರಿಶಿನದ ನಂಟು ಬಿಡದೆ ಹಾಗೆಯೇ ಕೂತಿದೆ. ಒಲೆಯ ಮೇಲೆ ಒಗ್ಗರಣೆ ಚಟಗುಡುತ್ತಿರುವಾಗಲೇ ಏನೋ ಹೊಳೆದು, ಹೊರಕೋಣೆಗೆ ಓಡಿಬಂದು, ಕೈ ಒರೆಸಿಕೊಳ್ಳುವ ವ್ಯವಧಾನವೂ ಇಲ್ಲದೆ ಒತ್ತಿದ ಬೆರಳಿನ ಕಲೆ ಅದು. ಒತ್ತಿದ್ದು ಎಂಟಕ್ಕಾಗಿ ಅಲ್ಲ, ಎಂಟರ ನೆತ್ತಿಯ ಮೇಲೆ ಕೂತಿರುವ ಪುಟ್ಟ ನಕ್ಷತ್ರಕ್ಕಾಗಿ. ನಿಮ್ಮ ಕೀಲಿಮಣೆಯಲ್ಲೂ ಇದ್ದಾನು ಆ ಪುಣ್ಯಾತ್ಮ, ಒಮ್ಮೆ ನೋಡಿಕೊಳ್ಳಿ.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಮ್ಮ ಮನೆಯ ಹೊರಕೋಣೆಯೇ ನನ್ನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಮನೆ ಶಾಂತಿಯ ಕಾರ್ಡು, ಸಹಕಾರ ಸಂಘದ ವರದಿ, ಏನು ಬಂದರೂ ಬೆರಳಚ್ಚು ಮಾಡಿ ಪುಟ ಕಟ್ಟಿ ಕೊಡುತ್ತಿದ್ದೆ. ನಮ್ಮವರು ಗೋಕುಲ ರಸ್ತೆಯ ಒಂದು ಕಾರ್ಖಾನೆಯ ಕಚೇರಿಯಲ್ಲಿದ್ದರು. ಸಂಜೆ ಬಂದು ಚಹಾ ಕುಡಿಯುತ್ತ ನನಗೆ ಕಂಪ್ಯೂಟರಿನ ಒಂದೊಂದೇ ವಿದ್ಯೆ ಹೇಳಿಕೊಡುತ್ತಿದ್ದರು. ‘ನಮ್ಮವರು’ ಎಂದೆ, ನೋಡಿ. ಪದವಿ ಪಡೆದವಳು, ನಾಲ್ಕು ಜನರೆದುರು ನಿಂತು ಮಾತಾಡಬಲ್ಲವಳು, ಆದರೂ ಗಂಡನ ಹೆಸರು ಬಂದ ಕೂಡಲೇ ನನ್ನ ನಾಲಿಗೆ ಹೊಸಿಲಲ್ಲಿ ನಿಂತುಬಿಡುತ್ತದೆ. ಈ ಸೀಮೆಯ ಎಷ್ಟು ಹೆಂಗಸರ ಬಾಯಲ್ಲಿ ಈ ಒಂದೇ ಪದ ಓಡಾಡುತ್ತದೋ, ಪ್ರತಿಯೊಬ್ಬಳು ನುಡಿದಾಗಲೂ ಅದರೊಳಗೆ ಬೇರೆಯೇ ಒಬ್ಬ ಗಂಡಸು ಕೂತಿರುತ್ತಾನೆ.

ಆ ನಕ್ಷತ್ರದ ಗುಟ್ಟು ತಿಳಿಸಿದವರೂ ಅವರೇ. ಕಂಪ್ಯೂಟರಿನಲ್ಲಿ ಒಂದು ಪದವನ್ನು ಹುಡುಕಿ ಅದರ ಜಾಗದಲ್ಲಿ ಇನ್ನೊಂದನ್ನು ಇಡುವ ಕಿಟಕಿಯೊಂದಿದೆ. ಹುಡುಕಬೇಕಾದ ಪದ ಗೊತ್ತಿದ್ದರೆ ಸರಿ, ಬರೆದರಾಯಿತು. ಗೊತ್ತಿಲ್ಲದಿದ್ದರೆ?

“ಅದಕ್ಕs ಈ ನಕ್ಷತ್ರ ಇರೂದು,” ಎಂದರು, ಬಸಿಯಲ್ಲಿ ಚಹಾ ಆರಿಸುತ್ತ. “ನಕ್ಷತ್ರ ಅಂದ್ರ ‘ಏನರ ಇರಲಿ’ ಅಂತ ಅರ್ಥ. ಮುಂದೊಂದು ಗುರುತು, ಹಿಂದೊಂದು ಗುರುತು ಕೊಡು. ನಡುವ ಯಾರು ಕುಂತಿದ್ರೂ ಹಿಡಕೊಂಡು ಬರತೈತಿ.”

“ತಂದು ಏನ್ ಮಾಡತೈತಿ?”

“ನೀ ಹೇಳಿದ್ದು ಮಾಡತೈತಿ. ಸಿಕ್ಕಿದ್ದನ್ನs ಮತ್ತ ಅಲ್ಲೇ ಇಡು, ಆದ್ರ ದಪ್ಪ ಅಕ್ಷರದಾಗ ಇಡು ಅಂದ್ರ, ಹಂಗs ಇಡತೈತಿ.”

ಆಗ ಅದು ಬರೀ ಕೆಲಸ ಹಗುರ ಮಾಡುವ ಉಪಾಯವಾಗಿ ಕಂಡಿತ್ತು. ಸಿಕ್ಕಿದ್ದನ್ನೇ ಮರಳಿ ಅಲ್ಲಿಯೇ ಇಡುವುದು, ತುಸು ಗಾಢವಾಗಿ. ಈಗ ದಿನವಿಡೀ ನಾನು ಮಾಡುತ್ತಿರುವುದು ಇದನ್ನೇ ಅಲ್ಲವೇ? ಅವರು ಹೋಗಿ ಕೆಲವು ವರ್ಷಗಳಾದವು. ಅದೇ ಬಸಿ, ಅದೇ ಸಂಜೆ, ಅದೇ ಮಾತು; ಹುಡುಕಿ ತೆಗೆಯುತ್ತೇನೆ, ಇನ್ನಷ್ಟು ಕಪ್ಪಗೆ ಮಾಡಿ ಇದ್ದಲ್ಲೇ ಇಡುತ್ತೇನೆ.

ಇರಲಿ, ಹೇಳಹೊರಟದ್ದು ಕೇರಿಗೆಲ್ಲ ಚಿಕ್ಕಮ್ಮನಂತಿದ್ದ ನೀಲವ್ವ ಕಾಕುವಿನ ಕಥೆ. ಅಮ್ಮಿನಬಾವಿಗೆ ಸೊಸೆಯಾಗಿ ಹೋಗಿ, ಅಲ್ಲೇ ಗಂಡನನ್ನು ಕಳೆದುಕೊಂಡು, ಆಗಾಗ ಕೇಶ್ವಾಪುರದಲ್ಲಿದ್ದ ತಮ್ಮನ ಮನೆಗೆ ಬಂದಿರುತ್ತಿದ್ದ ಮುದುಕಿ. ತಮ್ಮ ಹತ್ತಿಯ ವ್ಯಾಪಾರಿ, ಅವರ ಮನೆ ನಮ್ಮ ಹಿತ್ತಲಿಗೆ ಹತ್ತಿಕೊಂಡೇ ಇತ್ತು. ಆ ತಮ್ಮನ ಮೊಮ್ಮಗಳು ಸವಿತಾಳ ಲಗ್ನ ಗೊತ್ತಾದಾಗ ಕಾಕು ನನ್ನ ಅಂಗಡಿಗೆ ಬಂದು ಬಾಗಿಲಲ್ಲೇ ಘೋಷಿಸಿದಳು: “ಹುಡುಗಿ ಲಗ್ನಕ್ಕ ಎಲ್ಲಾರೂ ಸೀರಿ, ಪಾತ್ರಿ ಕೊಡ್ತಾರ. ನಾ ಒಡಪಿನ ಪುಸ್ತಕ ಕೊಡಾಕಿ!”

ಒಡಪು ಗೊತ್ತಲ್ಲ? ಗಂಡನ ಹೆಸರನ್ನು ಬರಿದೇ ಹೇಳಬಾರದು; ಆದರೆ ಮದುವೆಯಲ್ಲಿ, ಆರತಿಯ ಹೊತ್ತಿನಲ್ಲಿ, ಹೆಂಗಸರು ಮುತ್ತಿಕೊಂಡು ‘ಹೆಸರು ಹೇಳು’ ಎಂದು ಪೀಡಿಸಿದಾಗ ಎರಡು ಸಾಲಿನ ಪದ್ಯ ಕಟ್ಟಿ ಅದರೊಳಗೆ ಹೇಳಬಹುದು. ಹೇಳದಿದ್ದರೆ ದಾರಿ ಬಿಡುವುದಿಲ್ಲ. ನಾಚಿಕೆಗೆ ನಾಚಿಕೆಯೂ ಉಳಿಯಿತು, ಆಸೆಗೆ ಆಸೆಯೂ ತೀರಿತು. ನಮ್ಮ ಅಜ್ಜಿಯರು ಸಾಮಾನ್ಯದವರಲ್ಲ. ಆದರೆ ಈ ಪದ್ಧತಿಗೆ ಒಂದು ಕ್ರೂರವಾದ ಅಂಚಿದೆ. ಗಂಡ ಸತ್ತವಳನ್ನು ಯಾರೂ ಒಡಪು ಕೇಳುವುದಿಲ್ಲ. ಬರಿದೇ ಹೇಳುವಂತಿಲ್ಲ, ಪದ್ಯದಲ್ಲಿ ಹೇಳು ಎನ್ನುವವರಿಲ್ಲ. ಅಲ್ಲಿಗೆ ಆ ಹೆಸರು ಅವಳ ಬಾಯೊಳಗೇ ಉಳಿದುಹೋಗುತ್ತದೆ.

ಕಾಕು ಊರ ಹೆಂಗಸರ ಒಡಪುಗಳನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದಳು. ಮಧ್ಯಾಹ್ನ ಬಂದು ಕೂತು, ಎಲೆಯಡಿಕೆ ಮೆಲ್ಲುತ್ತ, ಒಂದೊಂದೇ ಹೇಳುವಳು, ನಾನು ಬೆರಳಚ್ಚು ಮಾಡುವೆ. “ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಇಟ್ಟೇನಿ ಮುದ್ದಿ, ಮಲ್ಲಪ್ಪಗ ಬಿಡವಲ್ದು ಮಧ್ಯಾನದ ನಿದ್ದಿ” ಎಂಬುದನ್ನು ಹೇಳಿ ತಾನೇ ನಕ್ಕು, “ಖರೇನs ಹಂಗಿದ್ದಾ ಮಲ್ಲಪ್ಪ, ಹಗಲೆಲ್ಲ ಗೊರಕಿ!” ಎಂದು ಸಾಕ್ಷಿಯನ್ನೂ ಒದಗಿಸುವಳು. ನನ್ನದನ್ನೂ ಬಿಡದೆ ಹೇಳಿಸಿಕೊಂಡು ಸೇರಿಸಿದಳು. ಹೀಗೆ ಸಾಗುತ್ತಿದ್ದಾಗ ಒಂದು ದಿನ, ದನಿ ತುಸು ತಗ್ಗಿಸಿ, “ಕರಿ ಹೊಲದಾಗ ಹತ್ತಿ ಅರಳ್ಯಾವ ಬೆಳ್ಳಗ, ಅವರ ಹೆಸರ ಹೇಳತೇನಿ ಮೆಲ್ಲಗ” ಎಂದಳು.

“ಯಾರ ಹೆಸರು ಕಾಕು?” ಎಂದೆ.

ಕಾಕು ಸೆರಗು ಸರಿಮಾಡಿಕೊಂಡಳು. “ಇದ್ದಾಗ ಹೇಳಾಕ ನಾಚಿಕಿ. ಹೋದ ಮ್ಯಾಲ ಹೇಳು ಅನ್ನವರs ಇಲ್ಲ. ನಿಮ್ಮ ಯಜಮಾನ್ರಿಗೆ ಗೊತ್ತೈತಿ, ಅವರನ್ನ ಕೇಳಿ ನೀನs ಬರಕೋವಾ.”

ಸಂಜೆ ಕೇಳಿದೆ. ನಮ್ಮವರ ತಾಯಿಯ ತವರು ಅಮ್ಮಿನಬಾವಿಯೇ. ಅವರ ಮುಖ ಅರಳಿತು: “ಗುರಶಿದ್ದಪ್ಪ ಕಾಕಾ! ಹತ್ತಿ ಗಾಡಿ ಮ್ಯಾಲ ನನ್ನ ಕುಂದರಿಸಿಕೊಂಡು ಹೋಗತಿದ್ರು. ಭಾಳ ಛಲೋ ಮನಷ್ಯಾ.” ನಾನು ಆ ಹೆಸರನ್ನು ಬರೆದುಕೊಂಡೆ.

ಹೆಸರುಗಳೆಲ್ಲ ದಪ್ಪ ಅಕ್ಷರದಲ್ಲಿರಬೇಕು, ದೂರದಿಂದಲೇ ಕಾಣಬೇಕು ಎಂಬುದು ಕಾಕುವಿನ ಅಪ್ಪಣೆ. ಒಂದೊಂದನ್ನೇ ಹುಡುಕಿ ದಪ್ಪ ಮಾಡುವುದು ಯಾರಿಂದಾದೀತು! ಈ ಕಡೆಯ ಗಂಡಸರ ಹೆಸರುಗಳು ಬಹುಮಟ್ಟಿಗೆ ‘ಪ್ಪ’ದಲ್ಲಿ ಮುಗಿಯುತ್ತವಲ್ಲ, ನಕ್ಷತ್ರದ ಮುಂದೆ ‘ಪ್ಪ’ ಹಾಕಿ ಹುಡುಕಿಸಿದರಾಯಿತೆಂದು ಒಗ್ಗರಣೆಯ ನಡುವೆ ಹೊಳೆದದ್ದು ಆಗಲೇ. ಓಡಿಬಂದು ಒತ್ತಿದೆ. ‘ಏನರ ಇರಲಿ’ ಎನ್ನುವವನಿಗೆ ಮಿತಿ ಎಲ್ಲಿಯದು? ಸಾಲಿಗೆ ಸಾಲನ್ನೇ ನುಂಗಿದ. ಗಂಡಂದಿರ ಜೊತೆಗೆ ತುಪ್ಪವೂ ದಪ್ಪವಾಯಿತು, ಹೋಳಿಗೆಯೂ ದಪ್ಪವಾಯಿತು, ಒಂದಿಡೀ ಪುಟ ಕರ್ರಗಾಯಿತು. ಸಂಜೆ ನಮ್ಮವರು ನೋಡಿ, “ಯವ್ವಾ, ತುಪ್ಪಕ್ಕೂ ಒಬ್ಬಾಕಿ ಹೇಣ್ತಿ ಅದಾಳೇನ?” ಎಂದು ನಗುತ್ತ, ಪ್ರತಿ ಹೆಸರಿನ ಆಚೀಚೆ ಒಂದೊಂದು ಕಂಸ ಹಾಕಿಸಿ, ಎರಡು ಕಂಸಗಳ ನಡುವೆ ನಕ್ಷತ್ರವನ್ನು ಕೂಡಿಸಿದರು. ಆಗ ಅದು ಹದ್ದುಬಸ್ತಿಗೆ ಬಂದು ಹೆಸರುಗಳನ್ನಷ್ಟೇ ಹಿಡಿಯಿತು. ಕಾಕು ತೆರೆಯ ಮೇಲೆ ಕಣ್ಣಾಡಿಸಿ, ತನ್ನ ಗಂಡನ ಹೆಸರಿನ ಮೇಲೆ ಬೆರಳಿಟ್ಟು ನೋಡಿ ಮನೆಗೆ ಹೋದಳು.

ಮರುದಿನ ಸವಿತಾಳ ತಾಯಿ ಶಾಂತಕ್ಕ ಬಂದರು. ಬುದ್ಧಿವಂತೆ, ವ್ಯವಹಾರ ಬಲ್ಲವರು.

“ಊರಾನ ಗಂಡಂದ್ರ ಹೆಸರೆಲ್ಲ ನಮ್ಮ ಹುಡುಗಿ ಯಾಕ ಓದಬೇಕ್ರಿ? ಹೆಸರು ತಗದು ಚುಕ್ಕಿ ಇಡ್ರಿ. ಯಾರು ಬೇಕಾದ್ರೂ ತಮ್ಮವರ ಹೆಸರು ತುಂಬಿ ಹೇಳಲಿ.”

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಜೊತೆಗೆ ಬಂದಿದ್ದ ಕಾಕು ಕೂಡ, “ಖರೇ ಐತಿ, ಹೊಸಾ ಹುಡುಗ್ಯಾರಿಗೆ ಉಪಯೋಗ ಆಗಲಿ,” ಎಂದಳು. ಹೇಳುವಾಗ ಶಾಂತಕ್ಕನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕಂಸದ ನಡುವಿನದೆಲ್ಲ ಹೋಗಿ ಚುಕ್ಕಿಯಾಗಲಿ ಎಂದು ಒಂದು ಗುಂಡಿ ಒತ್ತಿದರೆ ಸಾಕು, ಅಮ್ಮಿನಬಾವಿಯ ಅಷ್ಟೂ ಗಂಡಸರು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಯ. ಆ ಗುಂಪಿನಲ್ಲಿ ಗುರಶಿದ್ದಪ್ಪನೂ ಹೋಗುತ್ತಾನೆ, ಇನ್ನೆಲ್ಲೂ ಸಿಗುವುದಿಲ್ಲ.

ಶಾಂತಕ್ಕ ಹೋದ ಮೇಲೆ ಕಾಕು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. “ಒಂದs ಹೊಡತಕ್ಕ ಬ್ಯಾಡವಾ. ಒಬ್ಬೊಬ್ಬರನ್ನ ನೋಡಿ ಕಳಸೂಣು.”

ಹಾಗೆಯೇ ಮಾಡಿದೆವು. ನಕ್ಷತ್ರ ಒಂದು ಹೆಸರನ್ನು ಹಿಡಿದು ತಂದು ನಿಲ್ಲಿಸುವುದು, ಕಾಕು ಅವನ ಬಗ್ಗೆ ಒಂದು ಮಾತು ಹೇಳುವಳು, ಆಮೇಲೆ “ಹೂಂ, ಹಾಕು ಚುಕ್ಕಿ” ಎನ್ನುವಳು. ಮಲ್ಲಪ್ಪ ಗೊರಕೆ ಹೊಡೆಯುತ್ತಲೇ ಹೋದ. ಬಾವಿ ತೋಡುವುದರಲ್ಲಿ ಎತ್ತಿದ ಕೈಯಾದವನೊಬ್ಬ, ಹೆಂಡತಿಗೆ ಹೆದರಿ ಅಟ್ಟ ಏರುತ್ತಿದ್ದವನೊಬ್ಬ, ಎಲ್ಲರೂ ಸರದಿಯಂತೆ ಚುಕ್ಕಿಗಳಾದರು. ನಡುವೆ ನನ್ನ ಒಡಪೂ ಬಂತು.

“ನಿನ್ನ ಗಂಡನ್ನ ಇಟಗೋತಿಯೇನು?” ಎಂದಳು ಕಾಕು.

“ಹಾಕ್ರಿ ಚುಕ್ಕಿ, ಅದಕ್ಕೇನು!” ಎಂದು ನಕ್ಕೆ. “ಮನುಷ್ಯಾನs ಮನ್ಯಾಗ ಅದಾರಲ್ಲ, ಕಾಗದದ ಮ್ಯಾಲ ಯಾಕ ಬೇಕು?”

ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಒಳಗಿನ ಕೋಣೆಯಲ್ಲಿ ಅವರು ರೇಡಿಯೋದ ಕಿವಿ ಹಿಂಡುತ್ತಿದ್ದರು.

ಕೊನೆಗೆ ಕರಿ ಹೊಲ ಬಂತು, ಹತ್ತಿ ಬಂತು, ಗುರಶಿದ್ದಪ್ಪ ಬಂದು ನಿಂತ. ಕಾಕು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ಹೊಲದಾಗ ಬುತ್ತಿ ಉಣ್ಣೂಮುಂದ ಮೊದಲನೇ ತುತ್ತು ನನಗs ಕೊಡತಿದ್ರು. ಯಾರರ ನೋಡ್ಯಾರಂತ ನಾ ಬೈತಿದ್ನಿ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಹಾಕು ಚುಕ್ಕಿ.”

ನಾನು ಹಾಕಲಿಲ್ಲ. ಮುಂದಿನದನ್ನು ಹುಡುಕು ಎಂಬ ಗುಂಡಿ ಒತ್ತಿ, ಗುರಶಿದ್ದಪ್ಪನನ್ನು ಇದ್ದಲ್ಲೇ ದಪ್ಪಗೆ ಬಿಟ್ಟು, ಮುಂದಕ್ಕೆ ಸರಿದೆ. ಕಾಕು ನೋಡಿದಳು. ನನ್ನ ಮೊಣಕೈ ಮೇಲೆ ಕೈಯಿಟ್ಟಳು, ಅಷ್ಟೇ.

ಗಂಡಿನ ಮನೆಯೂ ಅಮ್ಮಿನಬಾವಿಯದೇ ಆದ್ದರಿಂದ ಲಗ್ನ ಅಲ್ಲೇ ಆಯಿತು. ಊಟದ ಪಂಕ್ತಿಯಲ್ಲಿ ಗಂಡನ ಬಾಯಿಗೆ ಹೋಳಿಗೆಯ ತುತ್ತಿಡುವ ಮುನ್ನ ಹೆಸರು ಹೇಳಬೇಕೆಂದು ಹುಡುಗಿಯರು ಸವಿತಾಳನ್ನು ಹಿಡಿದರು. ಗಾಬರಿಯಲ್ಲಿ ಕಲಿತದ್ದೆಲ್ಲ ಮರೆತ ಹುಡುಗಿ ಕಾಕುವಿನ ಪುಸ್ತಕ ತೆರೆದಳು. ಎಲ್ಲೆಲ್ಲೂ ಚುಕ್ಕಿ, ಒಂದು ಕಡೆ ಮಾತ್ರ ತುಂಬಿದ ಸಾಲು, ಕಣ್ಣಿಗೆ ಹೊಡೆಯುವಂತೆ. ಗಟ್ಟಿಯಾಗಿ ಓದಿಯೇಬಿಟ್ಟಳು: “ಕರಿ ಹೊಲದಾಗ ಹತ್ತಿ ಅರಳ್ಯಾವ ಬೆಳ್ಳಗ, ಗುರಶಿದ್ದಪ್ಪನ ಹೆಸರ ಹೇಳತೇನಿ ಮೆಲ್ಲಗ!”

ಮದುಮಗ ಮಲ್ಲಿಕಾರ್ಜುನ ಹೋಳಿಗೆಗೆಂದು ತೆರೆದ ಬಾಯನ್ನು ಹಾಗೆಯೇ ಇಟ್ಟುಕೊಂಡು ಕೂತ. ಲಗ್ನದ ಪಂದಲದ ತುಂಬ ಎದ್ದಿತು ನೋಡಿ ನಗೆಯ ಅಬ್ಬರ! ಶಾಂತಕ್ಕ ಹಣೆ ಹಣೆ ಬಡಿದುಕೊಂಡರು. ಊರ ಮುದುಕರು, “ಗುರಶಿದ್ದಪ್ಪ, ಎದ್ದು ಬಾರೋ!” ಎಂದು ಕೂಗಿದರು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಗಂಡ ಸತ್ತ ಹೆಂಗಸರು ಕೂರುವ ಮೂಲೆಯಲ್ಲಿ ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಅಲುಗಿಸಿ ನಗುತ್ತಿದ್ದಳು, ಕಣ್ಣಿಂದ ನೀರು ಧಾರಾಕಾರ. ಹತ್ತಿರ ಹೋದೆ. ನನ್ನ ಕೈ ಹಿಡಿದು ಜಗ್ಗಿದಳು.

“ನಮ್ಮವರಿಗೆ ಇನ್ನೊಂದು ಲಗ್ನ ಆತು ನೋಡವಾ! ಎಷ್ಟು ವರ್ಸದ ಮ್ಯಾಲ ಅವರ ಹೆಸರು ಪಂದಲದಾಗ ಬಂತು. ಅರಿಶಿಣ ಹಚ್ಚಿದ ಬಾಯಿಲೆ ಬಂತು.”

ಆ ದಿನ ನಮ್ಮವರು ಪಂಕ್ತಿಯ ಆ ತುದಿಯಿಂದ ನನ್ನತ್ತ ನೋಡಿ ಹುಬ್ಬು ಹಾರಿಸಿದ್ದರು, ಎಲ್ಲ ನಿನ್ನ ಕರಾಮತ್ತು ಎಂಬಂತೆ.

ಕಾಕು ಈಗಿಲ್ಲ. ಲಗ್ನಗಳಿಗೆ ಹೋದರೆ ನಾನೂ ಆ ಮೂಲೆಯಲ್ಲೇ ಕೂರುತ್ತೇನೆ. ಹೆಸರು ಹೇಳಿಸುವ ಹುಡುಗಿಯರು ಸಾಲಿನಲ್ಲಿ ಒಬ್ಬೊಬ್ಬರನ್ನೇ ಪೀಡಿಸುತ್ತ ಬಂದು, ನನ್ನ ಹತ್ತಿರ ದನಿ ತಗ್ಗಿಸಿ, ಮುಂದಿನವಳ ಬಳಿಗೆ ದಾಟುತ್ತಾರೆ. ಅವರದು ಮರ್ಯಾದೆ, ಬೈಯಲಾರೆ. ಆದರೆ ಸಿಟ್ಟು ಬರುತ್ತದೆ. ಒಮ್ಮೆ ಕೇಳಬಾರದೇನ್ರೇ ಎಂದು ಅವರ ಜಡೆ ಹಿಡಿದು ಜಗ್ಗಬೇಕೆನ್ನಿಸುತ್ತದೆ. ‘ಏನರ ಇರಲಿ’ ಎಂಬುದು ಯಂತ್ರಕ್ಕೆ ಸಾಕು. ನನ್ನ ಜೀವಕ್ಕೆ ಅದು ಸಾಲದು, ಅದಕ್ಕೆ ಒಬ್ಬರೇ ಬೇಕು, ಅವರೇ ಬೇಕು.

ಮೊನ್ನೆ ಸವಿತಾ ಬಂದಿದ್ದಳು. ನಾದಿನಿಯ ಲಗ್ನವಂತೆ, ಕಾಕುವಿನ ಪುಸ್ತಕ ಇನ್ನೊಮ್ಮೆ ಮುದ್ರಿಸಬೇಕಂತೆ. ಅವಳು ಹೋದ ಮೇಲೆ ಹಳೆಯ ಕಡತ ತೆರೆದೆ. ಗುರಶಿದ್ದಪ್ಪ ಇನ್ನೂ ದಪ್ಪಗೆ, ಗಟ್ಟಿಯಾಗಿ ಇದ್ದಾನೆ. ಚುಕ್ಕಿಗಳನ್ನು ಹುಡುಕು ಎಂದೆ; ನಿಷ್ಠೆಯಿಂದ ಒಂದೊಂದನ್ನೇ ತಂದು ತೋರಿಸಿತು. ಯಾವ ಚುಕ್ಕಿಯ ಕೆಳಗೆ ಯಾರಿದ್ದರೆಂಬುದು ಮಾತ್ರ ಅದಕ್ಕೆ ತಿಳಿಯದು. ನನಗೆ ಒಂದು ಗೊತ್ತಿತ್ತು. ಅಲ್ಲಿ ನಿಂತೆ, ಚುಕ್ಕಿಗಳನ್ನು ಅಳಿಸಿದೆ, ಬರೆದೆ, ದಪ್ಪ ಮಾಡಿದೆ. ಹೊರಕೋಣೆಯಲ್ಲಿ ಯಾರೂ ಇರಲಿಲ್ಲ, ಯಾರೂ ಹೇಳು ಎಂದಿರಲಿಲ್ಲ, ಆದರೂ ಹಳದಿ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಗಟ್ಟಿಯಾಗಿ ಹೇಳಿದೆ:

“ಗೋಕುಲ ರಸ್ತ್ಯಾಗ ಸಂಜಿ ಬಾನು ಕೆಂಪಗ,
ಪ್ರಭಾಕರ ಮನಿಗೆ ಬಂದ್ರ ಜೀವಕ್ಕೆಲ್ಲ ತಂಪಗ.”

ಲಗ್ನ ಬರುವ ತಿಂಗಳು. ಹುಡುಗಿ ಸ್ವಲ್ಪ ಗಾಬರಿ ಸ್ವಭಾವದವಳು, ನಾಲ್ಕು ಜನರ ಮುಂದೆ ಎಲ್ಲ ಮರೆತುಬಿಡುತ್ತಾಳೆ ಎಂದು ಪುಸ್ತಕ ಒಯ್ಯಲು ಬಂದಾಗ ಸವಿತಾ ಹೇಳಿದಳು. ಭಾಳ ಛಲೋ ಆತು ಅಂದೆ. ಹಿಂದಿನ ಮೂಲೆಯಲ್ಲಿ ನನಗೊಂದು ಕುರ್ಚಿ ಹಾಕಿಸಿಡಲು ಹೇಳಿದ್ದೇನೆ.