ಸದನದ ಮಾತನ್ನು ಕೋರ್ಟಿಗೆ ತಾರದ ವಕೀಲರು

1958ರಲ್ಲಿ, ನನಗೆ ಇಪ್ಪತ್ತನಾಲ್ಕು ವರ್ಷ ತುಂಬಿದ್ದಾಗ, ಬಂಟ್ವಾಳದ ಆ ವಕೀಲರ ಕೈಯನ್ನು ಮೊದಲ ಬಾರಿ ಹತ್ತಿರದಿಂದ ನೋಡಿದೆ. ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಕಕ್ಷಿಗಾರರ ಕಾಗದಗಳನ್ನು ಗುಮಾಸ್ತನಿಗೆ ಒಪ್ಪಿಸದೆ ತಾವೇ ದಬ್ಬಳದಿಂದ ಹೊಲಿದು ಕಟ್ಟುತ್ತಿದ್ದುದರಿಂದ ಆದ ಗಾಯವದು. ಹೊಲಿಯುವ ಮುನ್ನ ಪ್ರತಿಯೊಂದು ಹಾಳೆಯನ್ನೂ ಮತ್ತೊಮ್ಮೆ ಓದುತ್ತಿದ್ದರು. ಓದದ ಹಾಳೆಗೆ ದಾರ ಹಾಕಕೂಡದೆಂಬುದು ಅವರ ನಿಯಮ.

ನಾನೂ ತಂದೆಯವರೂ ಅವರಲ್ಲಿಗೆ ಹೋದದ್ದು ಮಾನ ಉಳಿಸಿಕೊಳ್ಳಲು. ತಂದೆಯವರು ಮೂಡುಬಿದಿರೆಯ ಸಮೀಪ, ಪುತ್ತಿಗೆ ಕಡೆಯ ಒಂದು ಶಾಲೆಗೆ ಮುಖ್ಯೋಪಾಧ್ಯಾಯರಾಗಿದ್ದರು. ಆ ಹುದ್ದೆಗೆ ಅವರ ಹೆಸರನ್ನು ಸೂಚಿಸಿದವರು ಒಬ್ಬ ಶಾಸಕರು. ಅವರಿಗೂ ಕರಾವಳಿಯವರೇ ಆದ ಇನ್ನೊಬ್ಬ ಶಾಸಕರಿಗೂ ಬೆಂಗಳೂರಿನ ವಿಧಾನಸಭೆಯಲ್ಲಿ ಜಟಾಪಟಿ ನಡೆದಾಗ, ಆ ಇನ್ನೊಬ್ಬರು, "ನೀವು ಸೂಚಿಸಿದ ಮಾಸ್ಟರ ಟ್ರೈನಿಂಗ್ ಸರ್ಟಿಫಿಕೇಟೇ ಸುಳ್ಳು, ಇಲಾಖೆಯಲ್ಲಿ ಅದರ ದಾಖಲೆಯೇ ಇಲ್ಲ" ಎಂದುಬಿಟ್ಟಿದ್ದರು. ಬೆಂಗಳೂರಿನಲ್ಲಿ ಆ ದಾಖಲೆ ಇರುವುದು ಸಾಧ್ಯವೇ ಇರಲಿಲ್ಲ. ತಂದೆಯವರು ತರಬೇತಿ ಪಡೆದ ಕಾಲಕ್ಕೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು; ರಾಜ್ಯ ಬದಲಾದರೂ ಹಳೆಯ ಕಡತಗಳು ಅಲ್ಲಿಯೇ ಉಳಿದಿದ್ದವು. ನಮ್ಮಲ್ಲಿದ್ದ ಮೂಲಪತ್ರ ಗೆದ್ದಲಿನ ಪಾಲಾಗಿತ್ತು. ಮೂವತ್ತು ವರ್ಷ ಪಾಠ ಹೇಳಿದ ತಂದೆಯವರು ಅಂದಿನಿಂದ ಪೇಟೆಗೆ ಹೋಗುವುದನ್ನೇ ಬಿಟ್ಟರು.

ನಮ್ಮ ಮನೆಮಾತು ತುಳು, ವಕೀಲರದೂ ಅದೇ. ಆದರೆ ಕಾನೂನಿನ ವಿಷಯ ಬಂದೊಡನೆ ಅವರು ಕನ್ನಡಕ್ಕೆ ಹೊರಳುತ್ತಿದ್ದರು.

"ಮಾಸ್ಟ್ರೇ, ದಾವೆ ಹಾಕಲಿಕ್ಕೆ ಆಗುವುದಿಲ್ಲ. ಸದನದ ಒಳಗೆ ಆಡಿದ ಮಾತಿಗೆ ಕೋರ್ಟಿನಲ್ಲಿ ಉತ್ತರ ಕೇಳಬಾರದು ಅಂತ ಸಂವಿಧಾನದಲ್ಲೇ ಉಂಟು."

"ಹಾಗಾದರೆ ಅಲ್ಲಿ ಕೂತವರು ಯಾರನ್ನು ಬೇಕಾದರೂ ಕಳ್ಳ ಅನ್ನಬಹುದೋ?" ತಂದೆಯವರು ಕೇಳಿದರು.

"ಅನ್ನಬಾರದು. ಅಂದರೆ ವಿಚಾರಿಸಬೇಕಾದ್ದು ಸದನವೇ. ಇವತ್ತು ನಮ್ಮ ಮುನ್ಸೀಫರು ಅಲ್ಲಿಗೆ ಕೈ ಹಾಕಿದರೆ, ನಾಳೆ ಅವರು ಇಲ್ಲಿಯ ತೀರ್ಪಿಗೆ ಕೈ ಹಾಕ್ತಾರೆ. ನಿಮಗೆ ನ್ಯಾಯ ಸಿಗಬೇಕು. ದಾರಿ ಮಾತ್ರ ಸ್ವಲ್ಪ ಉದ್ದ ಉಂಟು."

ಅವರು ಮದ್ರಾಸಿಗೆ ಪತ್ರದ ಮೇಲೆ ಪತ್ರ ಬರೆದು, ದಾಖಲೆಯ ದೃಢೀಕೃತ ಪ್ರತಿಯನ್ನು ತರಿಸಿದರು.

ಮರುವರ್ಷ, ಆರೋಪ ಮಾಡಿದ ಶಾಸಕರು ಫರಂಗಿಪೇಟೆಗೆ ಭಾಷಣಕ್ಕೆ ಬಂದರು. ನನಗೊಂದು ಉಪಾಯ ಹೊಳೆದಿತ್ತು. ಜನರ ನಡುವಿನಿಂದ ಕೆಣಕಿದರೆ ಅದೇ ಮಾತನ್ನು ಅವರು ಬಯಲಿನಲ್ಲಿ ಆಡಿಯಾರು; ಬಯಲಿನ ಮಾತಿಗೆ ಸದನದ ರಕ್ಷಣೆಯಿಲ್ಲ, ಕೋರ್ಟಿಗೆ ಅಧಿಕಾರ ಬರುತ್ತದೆ. ಬರೆದುಕೊಳ್ಳಲು ಪುಸ್ತಕ ಹಿಡಿದು ಹೋದೆ. ಪಕ್ಕದಲ್ಲಿ ವಕೀಲರೂ ಇದ್ದರು. ನಾನು ಏಳುತ್ತಿದ್ದಂತೆಯೇ ಉದ್ದೇಶವನ್ನು ಊಹಿಸಿ, ಅಂಗಿಯ ಅಂಚು ಹಿಡಿದು ಕೂರಿಸಿದರು.

"ಎಂತ ಮಾರಾಯ ನೀನು? ಬೇಲಿಯ ಒಳಗಿನ ದನವನ್ನು ನೀನೇ ಹೊರಗೆ ಎಳೆದು ತಂದು, ಮತ್ತೆ ದೊಡ್ಡಿಗೆ ಹಾಕುವುದಾ? ಅವರು ತಿಳಿಯದೆ ತಪ್ಪಿದರು. ನೀನು ತಿಳಿದೇ ತಪ್ಪಲಿಕ್ಕೆ ಹೊರಟಿದ್ದೀ."

ಭಾಷಣ ಮುಗಿದ ಮೇಲೆ ವೇದಿಕೆಯ ಬಳಿಗೆ ಹೋಗಿ, ಮದ್ರಾಸಿನ ಪ್ರತಿಯನ್ನು ಶಾಸಕರ ಕೈಗಿತ್ತರು. ಅವರು ಎರಡು ಸಲ ಓದಿ ತಲೆ ತಗ್ಗಿಸಿದರು.

"ಛೆ, ಮದ್ರಾಸು ನನಗೆ ಹೊಳೆಯಲೇ ಇಲ್ಲ. ಜನ ಇನ್ನೂ ಇದ್ದಾರೆ, ಮೈಕೂ ಉಂಟು. ಈಗಲೇ ಹೇಳಿಬಿಡ್ತೇನೆ, ಆಗದಾ?"

ನನ್ನ ಎದೆ ಹಿಗ್ಗಿತು. ವಕೀಲರು ಮಾತ್ರ, "ಬೇಡ ಸ್ವಾಮಿ. ಇಲ್ಲಿ ಹೇಳಿದರೆ ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಾರೆ, ನಿಮಗೂ ಹಗುರ ಆಗ್ತದೆ. ಸದನದ ಪುಸ್ತಕದಲ್ಲಿ ಮಾಸ್ಟ್ರು ಸುಳ್ಳರಾಗಿಯೇ ಉಳಿಯುತ್ತಾರೆ. ಅಲ್ಲಿಯೇ ಹೇಳಿ" ಎಂದರು.

ವಿಷಯ ತಿಳಿದಾಗ ತಂದೆಯವರು ಅರ್ಧ ಊಟದಲ್ಲಿ ಎದ್ದರು. "ಮನೆಬಾಗಿಲಿಗೆ ಬಂದದ್ದನ್ನು ಹಿಂದೆ ಕಳಿಸಿದರಲ್ಲ!"

ಶಾಸಕರು ಮಾತು ಕೊಟ್ಟು ಹೋದರು. ಆದರೆ ಎದುರಾಳಿಯ ಮುಂದೆ ಎದ್ದು ತಪ್ಪೊಪ್ಪಿಕೊಳ್ಳುವ ಧೈರ್ಯ ಅವರಿಗೆ ಬೇಗ ಬರಲಿಲ್ಲ. ಅಧಿವೇಶನಗಳು ಕಳೆದವು. ಪ್ರತಿ ಅಧಿವೇಶನಕ್ಕೆ ಮುನ್ನ ವಕೀಲರು ಅವರಿಗೊಂದು ವಿನಯದ ಪತ್ರ ಬರೆಯುತ್ತಿದ್ದರು. ಅಷ್ಟರಲ್ಲಿ ತಂದೆಯವರು ಆ ಕಳಂಕವನ್ನು ಹೊತ್ತೇ ನಿವೃತ್ತರಾದರು. ನಾನು ಬಂಟ್ವಾಳಕ್ಕೆ ಹೋಗಿ, "ಇದು ನಿಮ್ಮ ಹಟದ ಫಲ" ಎಂದು ಮುಖಕ್ಕೇ ಹೇಳಿದೆ.

"ಹೌದು," ಎಂದರು. "ಫರಂಗಿಪೇಟೆಯಲ್ಲಿ ನಾನು ನಿನ್ನ ಅಪ್ಪನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನ ತಪ್ಪು. ದಾರಿ ಮಾತ್ರ ತಪ್ಪಲ್ಲ."

ನಾನು ಎದ್ದು ಹೊರಬಂದೆ. ಅದೇ ಕೊನೆಯ ಭೇಟಿ. 1960ರ ಕೊನೆಯಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ಮುಂದಿನ ಅಧಿವೇಶನಕ್ಕೆ ಮುನ್ನ ಬರೆಯಬೇಕಾದ ಪತ್ರವನ್ನು ನಾನೇ ಬರೆದೆ. ಅವರ ಮರಣದ ಸುದ್ದಿಯನ್ನು ಬಿಟ್ಟರೆ ಹೊಸದೊಂದು ಮಾತನ್ನೂ ಸೇರಿಸಲಿಲ್ಲ.

ಈ ಬಾರಿ ಶಾಸಕರು ಎದ್ದರು. ಮುಖ್ಯೋಪಾಧ್ಯಾಯರ ಸರ್ಟಿಫಿಕೇಟು ಸರಿಯಾದುದೆಂದೂ, ಮದ್ರಾಸಿನಲ್ಲಿ ವಿಚಾರಿಸದೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದಾಗಿಯೂ ಸದನಕ್ಕೆ ತಿಳಿಸಿದರು. ನಡಾವಳಿಯ ಮುದ್ರಿತ ಪುಸ್ತಕ ಕೈಸೇರಿದ ದಿನ ತಂದೆಯವರು ಆ ಪುಟವನ್ನು ಬಹಳ ಹೊತ್ತು ನೋಡಿ, "ಬಂಟ್ವಾಳಕ್ಕೆ ಹೋಗುವ. ಅವರ ಮನೆಯಲ್ಲಿ ಓದಿ ಹೇಳುವ" ಎಂದರು.

ವಕೀಲರ ಹೆಂಡತಿ ಬಾಗಿಲ ಬಳಿ ಕುಳಿತು, "ಮೊದಲಿನಿಂದ ಓದಿ, ಒಂದನ್ನೂ ಬಿಡಬೇಡಿ" ಎಂದರು. ನಾನು ಪುಟದ ನೆತ್ತಿಯಲ್ಲಿದ್ದ ದಿನಾಂಕದಿಂದಲೇ ಆರಂಭಿಸಿದೆ: 1961ನೆಯ ಇಸವಿ, ಮಾರ್ಚ್ 22, ಬುಧವಾರ.