ಕೃತಜ್ಞತೆಯ ಪುಟದಲ್ಲಿ ಒಂದು ಸಾಲು

ಎಪ್ಪತ್ತರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷ ನಾನು ತಿಪಟೂರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ಕೊಬ್ಬರಿ ಮಂಡಿಯೊಂದರ ಮೇಲಿನ ಮಹಡಿ. ಆರು ಇಂಗ್ಲಿಷ್ ಯಂತ್ರ, ಒಂದು ಕನ್ನಡದ್ದು. ಬೆಳಿಗ್ಗೆ ಮತ್ತು ಸಂಜೆ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದವರು ಬಂದು ಕುಟ್ಟಿ ಹೋಗುತ್ತಿದ್ದರು. ಮಧ್ಯಾಹ್ನ ಮಾತ್ರ ಕೊಠಡಿ ಖಾಲಿ. ಆ ಹೊತ್ತಿಗೆ ಸರಿಯಾಗಿ ವಿದ್ವಾಂಸರು ಬರುತ್ತಿದ್ದರು.

ವಿದ್ವಾಂಸರು ಅಂದರೆ ಸುತ್ತಮುತ್ತಲಿನ ಕಾಲೇಜುಗಳ ಲೆಕ್ಚರರುಗಳು. ಪಿಎಚ್.ಡಿ. ಮಾಡಿದರೆ ರೀಡರ್ ಆಗಬಹುದು, ಈ ಊರು ಬಿಟ್ಟು ದೊಡ್ಡ ಊರಿಗೆ ಹೋಗಬಹುದು ಎಂದು ಯಾರೋ ಹೇಳಿದ ಮೇಲೆ ಇವರಿಗೆಲ್ಲ ಒಟ್ಟೊಟ್ಟಿಗೆ ಜ್ಞಾನದ ಹಸಿವು ಹತ್ತಿಕೊಂಡಿತು. ಹದಿನೈದು ವರ್ಷದಿಂದ ಅದೇ ಹಳದಿ ಬಿದ್ದ ನೋಟ್ಸ್ ಓದಿಸುತ್ತಿದ್ದವರು ಕಂಕುಳಲ್ಲಿ ರಟ್ಟಿನ ಫೈಲು ಇಟ್ಟುಕೊಂಡು ನನ್ನ ಮೆಟ್ಟಿಲು ಹತ್ತಿದರು. ಒರಿಜಿನಲ್ ಒಂದು, ಕಾರ್ಬನ್ ಪ್ರತಿ ನಾಲ್ಕು. ಅಳಿಸಿದ ಗುರುತು ಇರಕೂಡದು. ಒಳಗಿರುವುದು ಹೇಗಿದ್ದರೂ ನಡೆಯುತ್ತಿತ್ತು, ಮಾರ್ಜಿನ್ ಮಾತ್ರ ಸರಿಯಾಗಿರಬೇಕಿತ್ತು.

ನಾನು ಪಿಯುಸಿ ಫೇಲು. ಆದರೂ ಅರ್ಥಶಾಸ್ತ್ರ, ಇತಿಹಾಸ, ಸಮಾಜಶಾಸ್ತ್ರ, ಗಣಿತ, ಸಸ್ಯಶಾಸ್ತ್ರ ಇಷ್ಟನ್ನೂ ಮೊದಲ ಪುಟದಿಂದ ಕೊನೆಯ ಅಡಿಟಿಪ್ಪಣಿಯವರೆಗೆ ಓದಿದವನು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಗೈಡುಗಳು ಕೂಡ ಓದುತ್ತಿರಲಿಲ್ಲ. ಒಮ್ಮೆ ಎರಡು ಪುಟಗಳು ಅದಲುಬದಲಾಗಿ ಬೈಂಡಾಗಿದ್ದವು. ಒಂದು ವಾಕ್ಯ ಕೊಬ್ಬರಿಯಲ್ಲಿ ಶುರುವಾಗಿ ಜನಸಂಖ್ಯೆಯಲ್ಲಿ ಮುಗಿಯುತ್ತಿತ್ತು. ಅದಕ್ಕೂ ಡಿಗ್ರಿ ಬಂತು, ಅವರು ಪೇಡ ತಂದುಕೊಟ್ಟರು, ನಾನು ತಿಂದೆ.

ಅರ್ಥಶಾಸ್ತ್ರದವರೊಬ್ಬರು ರೈತರಿಗೆ ಹಂಚಬೇಕಾದ ಪ್ರಶ್ನಾವಳಿಯನ್ನು ನನ್ನ ಬೆಂಚಿನ ಮೇಲೆ ಕೂತು ತಾವೇ ತುಂಬುತ್ತಿದ್ದರು. ಮೂರು ಬಣ್ಣದ ಪೆನ್ನು. ಹೊನ್ನವಳ್ಳಿಯವರಿಗೆ ನೀಲಿ, ಹಾಲ್ಕುರಿಕೆಯವರಿಗೆ ಕಪ್ಪು, ಮಿಕ್ಕವರಿಗೆ ಹಸಿರು. ಕೈ ಸೋತಾಗ ಎಡಗೈಯಲ್ಲಿ ಬರೆಯುತ್ತಿದ್ದರು, ಅದು ಅಕ್ಷರ ಬಾರದವರ ಲೆಕ್ಕಕ್ಕೆ. ಇತಿಹಾಸದವರು ತುರುವೇಕೆರೆ ಕಡೆಯ ವೀರಗಲ್ಲುಗಳ ಮೇಲೆ ಮುನ್ನೂರು ಪುಟ ಬರೆದರು. ಒಂದೇ ಒಂದು ಕಲ್ಲಿನ ಮುಂದೆಯೂ ನಿಂತವರಲ್ಲ. ಬಸ್ಸಿನಲ್ಲಿ ಹೋದರೆ ಅವರಿಗೆ ವಾಂತಿ ಬರುತ್ತಿತ್ತು. ಸಮಾಜಶಾಸ್ತ್ರದವರು ಚಿಕ್ಕನಾಯಕನಹಳ್ಳಿ ಕಡೆ ಹೋಗಿ, ‘ನಿಮ್ಮ ಮನೆಯಲ್ಲಿ ಯಜಮಾನಿಕೆ ಯಾರದು’ ಎಂದು ಸೊಸೆಯಂದಿರನ್ನು ಅವರ ಅತ್ತೆಯಂದಿರ ಎದುರಿಗೇ ನಿಲ್ಲಿಸಿ ಕೇಳಿದರು. ಎಲ್ಲರೂ ಒಂದೇ ಉತ್ತರ ಕೊಟ್ಟರು. ಈ ಭಾಗದ ಕುಟುಂಬಗಳಲ್ಲಿ ಅಪಾರ ಸಾಮರಸ್ಯವಿದೆ ಎಂಬುದು ಆ ಪ್ರಬಂಧದ ಕೊನೆಯ ಅಧ್ಯಾಯ. ಅದನ್ನು ಟೈಪ್ ಮಾಡುವಾಗ ನಾನು ಎರಡು ಸಲ ಎದ್ದು ಹೋಗಿ ನಕ್ಕು ಬಂದೆ.

ಗಣಿತದವರೊಬ್ಬರನ್ನು ಮಾತ್ರ ನಾನು ತಮಾಷೆ ಮಾಡಿಲ್ಲ. ಅವರ ಚಿಹ್ನೆಗಳು ಯಂತ್ರದಲ್ಲಿ ಇರಲಿಲ್ಲ. ನಾನು ಬಿಟ್ಟ ಜಾಗಗಳಲ್ಲಿ ಅವರೇ ಇಂಡಿಯನ್ ಇಂಕಿನಿಂದ ಒಂದೊಂದಾಗಿ ಬರೆಯುತ್ತಿದ್ದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಬಹುಶಃ ಅದಕ್ಕೇ ಗೌರವ ಉಳಿದಿದೆ.

ಈ ಪ್ರಬಂಧಗಳಲ್ಲೆಲ್ಲ ಅವರು ಮನಸ್ಸಿಟ್ಟು ಬರೆಯುತ್ತಿದ್ದದ್ದು ಒಂದೇ ಪುಟ, ಮೊದಲಿಗೆ ಬರುವ ಕೃತಜ್ಞತೆಯದು. ಬೇರೆ ಪುಟಗಳನ್ನು ಅಲ್ಲಿ ಇಲ್ಲಿ ಎತ್ತಿ ಹಾಕಿದರೂ ಇದನ್ನು ಏಳೆಂಟು ಸಲ ತಿದ್ದುತ್ತಿದ್ದರು. ಗೈಡು, ಗೈಡಿನ ಹೆಂಡತಿ ಕೊಟ್ಟ ಉಪ್ಪಿಟ್ಟು ಕಾಫಿ, ಕಾಲೇಜಿನ ಕಾರ್ಯದರ್ಶಿ, ಮಾವ, ಮನೆದೇವರು. ಯಾರ ಹೆಸರು ಯಾರ ಹೆಸರಿನ ಮೇಲಿರಬೇಕು ಎನ್ನುವುದರಲ್ಲಿ ಇವರು ತೋರಿಸಿದ ಸೂಕ್ಷ್ಮದೃಷ್ಟಿಯನ್ನು ವಿಷಯದಲ್ಲಿ ತೋರಿಸಿದ್ದರೆ ದೇಶ ಎಲ್ಲೋ ಇರುತ್ತಿತ್ತು. ಕೊನೆಯ ಸಾಲು ವಾಡಿಕೆಯಂತೆ ನನ್ನದು. ಅಂದವಾಗಿ ಟೈಪ್ ಮಾಡಿಕೊಟ್ಟವರಿಗೆ ವಂದನೆ ಅಂತ ನನ್ನ ಹೆಸರು, ಇನ್‌ಸ್ಟಿಟ್ಯೂಟಿನ ಹೆಸರು ಎರಡೂ ಇರುತ್ತಿದ್ದವು. ಅದನ್ನು ನೋಡಿ ಮತ್ತೊಬ್ಬ ವಿದ್ವಾಂಸ ಬರುತ್ತಿದ್ದ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸಸ್ಯಶಾಸ್ತ್ರದ ಲೆಕ್ಚರರೊಬ್ಬರು ಬಂದರು. ಅಟ್ಟದ ಮೇಲಿಟ್ಟ ತೆಂಗಿನಕಾಯಿ ಕೊಬ್ಬರಿಯಾಗುವ ಬಗೆ ಅವರ ವಿಷಯ. ನಮ್ಮ ಕಡೆ ಕೊಬ್ಬರಿಗೆ ಕಾಯಿ ಒಡೆದು ಒಣಗಿಸುವುದಿಲ್ಲ. ಮೇಲಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೆರಡು ತಿಂಗಳು ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆಗ ಸುಲಿದು ಒಡೆದರೆ ಉಂಡೆಯಂಥ ಇಡೀ ಕೊಬ್ಬರಿ, ಗಿಟುಕು, ಸಿಗುತ್ತದೆ. ಇದು ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಲೆಕ್ಚರರು ಬೇರೆ ಕಡೆಯವರು. ಅವರಿಗೆ ಅಟ್ಟವಿರಲಿಲ್ಲ, ಕಾಯಿಯೂ ಇರಲಿಲ್ಲ, ಏಣಿ ಹತ್ತುವುದೂ ಬರುತ್ತಿರಲಿಲ್ಲ.

ಮೂರನ್ನೂ ಒದಗಿಸಿದವನು ಅವರ ವಿಭಾಗದ ಅಟೆಂಡರು. ಹೊನ್ನವಳ್ಳಿ ಪಕ್ಕದ ಹಳ್ಳಿಯವನು, ಸಣ್ಣದೊಂದು ತೋಟ ಇದ್ದವನು, ಆಗಲೇ ನಲವತ್ತು ದಾಟಿತ್ತು. ಕನ್ನಡ ಕೂಡಿಸಿಕೊಂಡು ಓದುತ್ತಿದ್ದ, ಇಂಗ್ಲಿಷ್ ಬರುತ್ತಿರಲಿಲ್ಲ. ತನ್ನ ಮನೆಯ ಅಟ್ಟದ ಅರ್ಧ ಭಾಗವನ್ನು ಸಾಹೇಬರ ಸಂಶೋಧನೆಗೆ ಬಿಟ್ಟುಕೊಟ್ಟ. ಪ್ರತಿ ಕಾಯಿಗೆ ಸುಣ್ಣದಲ್ಲಿ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ಹತ್ತಿ, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೇಳಿದ್ದನ್ನು ಹಳೇ ಕ್ಯಾಲೆಂಡರಿನ ಬೆನ್ನಿಗೆ ಗೀಚುತ್ತಿದ್ದ. ನೀರಾಡಿದರೆ ಸೊನ್ನೆ, ಗಿಟುಕು ಆಡಿದರೆ ಅಡ್ಡಗೀಟು. ನೀರು ಹೋಗಿ, ಗಿಟುಕು ಇನ್ನೂ ಬಿಡದೆ, ಯಾವ ಸದ್ದೂ ಇಲ್ಲದ ಕೆಲವು ವಾರಗಳಿರುತ್ತವೆ. ಅದಕ್ಕೊಂದು ಚುಕ್ಕಿ, ಕಾಯಿ ಮೂಕಾಗಿದೆ, ಅವನ ಮಾತಿನಲ್ಲಿ ಮೂಗಾಗಿದೆ, ಎಂದು.

ಫೈಲು ತಲುಪಿಸಲು ಬಂದಾಗ ನನ್ನ ಬೆಂಚಿನ ತುದಿಯಲ್ಲಿ ಕೂತು ಅವನೇ ಇದನ್ನೆಲ್ಲ ಹೇಳಿದ. ‘ಬ್ಯಾಗ ಮೂಗಾಗೋ ಕಾಯಿ ಕೆಡ್ತದೆ ಸಾ. ತಡವಾಗಿ ಮೂಗಾಗಿದ್ದೇ ಒಳ್ಳೇ ಗಿಟುಕಾಗೋದು. ನಮ್ಮಪ್ಪಂಗೂ ಇದು ಗೊತ್ತಿರ್ನಿಲ್ಲ, ನಾನು ಈ ಕೆಲ್ಸ ಹಿಡುದ್‌ ಮ್ಯಾಕೇ ಗೊತ್ತಾಗಿದ್ದು’ ಅಂದ. ನಾನು ಟೈಪ್ ಮಾಡಿದ ಪ್ರಬಂಧಗಳಲ್ಲಿ ಯಾರಾದರೂ ಏನನ್ನಾದರೂ ಹೊಸದಾಗಿ ಕಂಡುಹಿಡಿದಿದ್ದರೆ ಅದು ಇದೊಂದೇ.

ಲೆಕ್ಚರರು ಅಟ್ಟ ನೋಡಲು ಒಂದು ಸಲ ಬಂದಿದ್ದರಂತೆ. ಮೂರನೇ ಮೆಟ್ಟಿಲಿನಲ್ಲಿದ್ದಾಗ ತೊಲೆಯ ಮೇಲೆ ಚೇಳು ಕಂಡು ಇಳಿದವರು ಮತ್ತೆ ಹತ್ತಲಿಲ್ಲ. ‘ಸಂಶೋಧಕನು ಪ್ರತಿ ಹದಿನೈದು ದಿನಕ್ಕೊಮ್ಮೆ ಖುದ್ದಾಗಿ ಪರಿಶೀಲಿಸಿದ್ದಾನೆ’ ಎಂದು ಅವರು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ನಾನು ಐದು ಪ್ರತಿ ಹೊಡೆದೆ.

ಕೆಲಸ ಶುರುವಾದ ನಾಲ್ಕೈದು ತಿಂಗಳಿಗೆ ಗೈಡು ಬರುತ್ತಾರೆಂದು ಸುದ್ದಿಯಾಯಿತು. ಲೆಕ್ಚರರು ಅಂಗಳದಲ್ಲೇ ನಿಂತು, ಅಟೆಂಡರು ಇಳಿಸಿ ತೋರಿಸಿದ ಕಾಯಿ ನೋಡಿ, ‘ಇದೇನಯ್ಯ, ಗಡ್ಡ ಬಿಟ್ಟುಕೊಂಡ ಹಾಗೆ ಅಸಹ್ಯವಾಗಿದೆ. ಎಲ್ಲಾ ನೀಟಾಗಿ ಸುಲಿಸಿ ತೊಳೆಸಿಡು’ ಅಂದರಂತೆ.

‘ಸುಲುದ್ರೆ ಕೆಟ್ಟೋಯ್ತದೆ ಸಾ, ಮಟ್ಟೆಲೇ ಒಣಗ್‌ಬೇಕು’ ಅಂದನಂತೆ ಇವನು.

‘ಸಸ್ಯಶಾಸ್ತ್ರ ಓದಿರೋದು ನೀನೋ ನಾನೋ?’

ಇವನು ಸುಲಿಸಿಟ್ಟ. ಗೈಡು ಬಂದು ಸಾಲಾಗಿ ಜೋಡಿಸಿದ ಕಾಯಿಗಳನ್ನು ನೋಡಿ ಸಂತೋಷಪಟ್ಟು, ಒಂದು ಚೀಲ ಎಳನೀರು ಕಾರಿನಲ್ಲಿ ಹಾಕಿಸಿಕೊಂಡು ಹೋದರು. ಬೇಸಿಗೆಯ ಝಳಕ್ಕೆ ಅಟ್ಟದಲ್ಲಿದ್ದ ಸುಲಿದ ಕಾಯಿಗಳು ಒಂದೊಂದಾಗಿ ಬಿರಿದು, ಬೂಸಲು ಬಂದು, ಮನೆಯೆಲ್ಲ ಕಮಟು ನಾತ. ಅಟೆಂಡರು ಮರುವರ್ಷದ ಕಾಯಿ ಹಾಕಿ ಮೊದಲಿನಿಂದ ಶುರುಮಾಡಿದ. ಕೆಟ್ಟ ಕಾಯಿಗಳು ಪ್ರಬಂಧದ ನಾಲ್ಕನೇ ಅಧ್ಯಾಯವಾದವು. ಸುಲಿದ ಕಾಯಿ ಅಟ್ಟದಲ್ಲಿಡಲು ಯೋಗ್ಯವಲ್ಲ ಎಂಬ ಮಹಾಸತ್ಯವನ್ನು ಮೂವತ್ತು ಪುಟ, ಆರು ಪಟ್ಟಿಗಳಲ್ಲಿ ಸಾಧಿಸಲಾಗಿತ್ತು. ತಿಪಟೂರಿನ ಯಾವ ಮುದುಕಿಯನ್ನು ಕೇಳಿದ್ದರೂ ಬೈದು ಹೇಳುತ್ತಿದ್ದಳು.

‘ಎರಡ್ ವರ್ಷ ಯಾಕಯ್ಯ ಇಷ್ಟು ಸಾಯ್ತೀಯ?’ ಎಂದು ನಾನು ಒಂದು ದಿನ ಕೇಳಿದೆ.

‘ಬುಕ್ಕಲ್ಲಿ ನನ್ನೆಸ್ರು ಹಾಕ್ಸ್ತೀನಿ ಅಂದವ್ರೆ ಸಾ. ಕಾಲೇಜಲ್ಲಿ ಒಬ್ರೂ ನನ್ನೆಸ್ರು ಕರ್ಯಾಕಿಲ್ಲ. ಅಟೆಂಡ್ರೂ ಅಂತಾರೆ, ಇಲ್ಲಾಂದ್ರೆ ಲೇ ಅಂತಾರೆ. ನಮ್ಮನೆಯೋಳ್ಗೂ ಹೇಳಿವ್ನಿ. ಹೆಸ್ರು ಬಂದ್ರೆ ಸಾಕು, ಅಟ್ಟ ಪೂರ್ತಿ ತಕ್ಕಳ್ಳಿ ಅಂದವ್ಳೆ’ ಅಂದು ನಕ್ಕ. ನಾನು ಅದನ್ನು ಕೇಳಿ ಒಳಗೊಳಗೇ ನಕ್ಕೆ. ವಿದ್ವಾಂಸರ ಸಹವಾಸದಿಂದ ಇವನಿಗೂ ಹುಚ್ಚು ಹಿಡಿದಿದೆ ಅನ್ನಿಸಿತು.

ಪ್ರಬಂಧ ಮುಗಿಯಿತು. ಲೆಕ್ಚರರು ಮಾತು ಉಳಿಸಿಕೊಂಡಿದ್ದರು. ಅದನ್ನು ಹೇಳಲೇಬೇಕು. ಅವರು ಬರೆದುಕೊಟ್ಟ ಕೃತಜ್ಞತೆಯಲ್ಲಿ ಅಟೆಂಡರಿನ ಪೂರ್ತಿ ಹೆಸರು, ಅವನ ಹಳ್ಳಿಯ ಹೆಸರು, ಕಾಯಿಗಳನ್ನು ನೋಡಿಕೊಂಡದ್ದಕ್ಕೆ ವಂದನೆ ಎಲ್ಲ ಇತ್ತು. ಒಂದು ಸಾಲು. ಅದರ ಕೆಳಗೆ ನನ್ನದು.

ಟೈಪ್ ಮಾಡಿದಾಗ ಕೊನೆಯ ಒಂದು ಸಾಲು ಮುಂದಿನ ಪುಟಕ್ಕೆ ಹೋಯಿತು. ಕೃತಜ್ಞತೆ ಒಂದೇ ಪುಟದಲ್ಲಿ ಮುಗಿಯಬೇಕೆಂದು ಗೈಡಿನ ಕಟ್ಟಪ್ಪಣೆ. ಲೆಕ್ಚರರು ರೈಲಿಗೆ ಹೊರಟಿದ್ದರು. ‘ಯಾವುದಾದ್ರೂ ಒಂದು ಸಾಲು ತೆಗೆದುಬಿಡ್ರೀ. ಗೈಡ್‌ದು, ಅವರ ಮನೆಯವರದು, ನಮ್ಮ ಮಾವನವರದು ಮುಟ್ಟಬೇಡಿ. ಮಿಕ್ಕಿದ್ದು ನಿಮಗೇ ಬಿಟ್ಟಿದ್ದೀನಿ’ ಎಂದು ಮೆಟ್ಟಿಲಿಳಿದು ಹೋದರು.

ಕಾರ್ಯದರ್ಶಿಯನ್ನು ತೆಗೆದರೆ ಲೆಕ್ಚರರ ಕೆಲಸಕ್ಕೆ ಸಂಚಕಾರ. ದೇವರನ್ನು ತೆಗೆಯಲು ನನಗೆ ಭಯ. ಉಳಿದದ್ದು ಎರಡು ಸಾಲು, ಅಟೆಂಡರಿನದು ಮತ್ತು ನನ್ನದು. ನಾನು ಅವನದನ್ನು ತೆಗೆದೆ. ಒಂದು ನಿಮಿಷವೂ ಯೋಚಿಸಲಿಲ್ಲ. ಅವನಿಗೆ ಇಂಗ್ಲಿಷ್ ಬರುವುದಿಲ್ಲ, ಈ ಪುಸ್ತಕ ಯಾರೂ ತೆರೆಯುವುದಿಲ್ಲ, ಆದರೆ ನನ್ನ ಹೆಸರು ನೋಡಿ ಇನ್ನೊಬ್ಬ ಬರಬಹುದು. ಸಾಲುಗಳ ಅಂತರ ಅರ್ಧ ಕಡಿಮೆ ಮಾಡಿದ್ದರೆ ಎರಡೂ ಹಿಡಿಯುತ್ತಿತ್ತು. ಅದು ನನ್ನ ಕಸುಬು, ನನಗೆ ಗೊತ್ತಿತ್ತು. ಹೇಗೂ ಆ ಪುಟಕ್ಕೆ ಐದು ಹಾಳೆ, ನಾಲ್ಕು ಕಾರ್ಬನ್ ಮತ್ತೆ ಜೋಡಿಸಲೇಬೇಕಿತ್ತು, ಆದರೂ ಆ ಯೋಚನೆಯನ್ನೇ ಮಾಡಲಿಲ್ಲ.

ಲೆಕ್ಚರರಿಗೆ ಡಿಗ್ರಿ ಬಂತು, ವರ್ಗವೂ ಆಯಿತು. ಒಂದು ಪ್ರತಿ ಕಾಲೇಜು ಲೈಬ್ರರಿಗೆ ಸೇರಿತು. ಅದು ಬಂದ ವಾರವೇ ಒಂದು ಮಧ್ಯಾಹ್ನ ಅಟೆಂಡರು ಆ ದಪ್ಪ ಪುಸ್ತಕವನ್ನು ಟವಲಿನಲ್ಲಿ ಸುತ್ತಿಕೊಂಡು ನನ್ನ ಮಹಡಿ ಹತ್ತಿದ. ಒಂದು ಗಂಟೆಗೆ ಅಂತ ಲೈಬ್ರರಿಯವರನ್ನು ಕಾಡಿ ಬೇಡಿ ತಂದಿದ್ದ. ಮುಖ ತೊಳೆದು, ವಿಭೂತಿ ಇಟ್ಟುಕೊಂಡಿದ್ದ.

‘ಸಾ, ನನ್ನೆಸ್ರು ಎಲ್ಲೈತೆ ಒಸಿ ತೋರ್ಸಿ ಸಾ. ಬೆರ್ಳಿಟ್ಟು ತೋರ್ಸಿ. ಮನೇಲಿ ಹೋಗಿ ಹೇಳ್ತೀನಿ.’

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಪುಟ ತೆಗೆದೆ, ಕೊನೆಯ ಸಾಲಿನ ಮೇಲೆ, ನನ್ನ ಹೆಸರಿನ ಮೇಲೆ, ಬೆರಳಿಟ್ಟೆ. ‘ಇಲ್ಲಿದೆ ನೋಡಯ್ಯ’ ಅಂದೆ. ಇಷ್ಟು ವರ್ಷ ಆ ಮೂರು ಬಣ್ಣದ ಪೆನ್ನಿನವರನ್ನು ಹೀಯಾಳಿಸಿದವನು ನಾನು.

ಅವನು ಟವಲಿನಿಂದ ಬೆರಳು ಒರೆಸಿಕೊಂಡು ಆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಪುಸ್ತಕವನ್ನು ಮುಖದ ಹತ್ತಿರ ತಂದು ನೋಡತೊಡಗಿದ. ಇಂಗ್ಲಿಷ್ ಓದಲು ಬಾರದವನು ಅಷ್ಟು ಹೊತ್ತು ಏನು ನೋಡುತ್ತಾನೆ ಅಂದುಕೊಂಡೆ. ತಲೆಯೆತ್ತಿ ನನ್ನ ಕುರ್ಚಿಯ ಹಿಂದಿನ ಗೋಡೆ ನೋಡಿದ. ಅಲ್ಲಿ ಇಂಗ್ಲಿಷಿನಲ್ಲಿ ನನ್ನ ಹೆಸರು, ಇನ್‌ಸ್ಟಿಟ್ಯೂಟಿನ ಹೆಸರು ಬರೆಸಿದ ತಗಡಿನ ಬೋರ್ಡಿತ್ತು. ಮತ್ತೆ ಪುಸ್ತಕ ನೋಡಿದ, ಮತ್ತೆ ಬೋರ್ಡು. ಒಂದೊಂದೇ ಅಕ್ಷರದ ಮೇಲೆ ಬೆರಳು ಸರಿಸುತ್ತ ಹೋಲಿಸಿದ. ಎರಡು ವರ್ಷ ಕಾಯಿ ನೋಡಿದವನು, ಅವಸರ ಮಾಡಲಿಲ್ಲ.

‘ಇದು ನಿಮ್ದಲ್ವಾ ಸಾ?’ ಅಂದ.

ಹೌದು ಅಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಸಾಹೇಬರು ಹಾಕಿದ್ದರು, ಪುಟದಲ್ಲಿ ಜಾಗ ಸಾಲಲಿಲ್ಲ, ಒಂದು ಸಾಲು ಹೆಚ್ಚಾಯಿತು, ತೆಗೆದವನು ನಾನೇ ಅಂದೆ. ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ಪಾರಾಗುತ್ತಿದ್ದೆ.

‘ಒಂದ್ ಸಾಲ್ಗೆ ಎಷ್ಟು ಜಾಗ ಬೇಕಾಯ್ತದೆ ಸಾ?’ ಎಂದು ಕೇಳಿದ. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವನಿಗೆ.

ನಾನು ಹೆಬ್ಬೆರಳು, ತೋರುಬೆರಳು ಹತ್ತಿರ ತಂದು, ಒಂದು ಅಕ್ಕಿಕಾಳು ಹಿಡಿಯುವಷ್ಟು ಸಂದು ಮಾಡಿ ತೋರಿಸಿದೆ. ಅವನು ಬಗ್ಗಿ ಆ ಸಂದನ್ನು ಸರಿಯಾಗಿ ನೋಡಿದ.

‘ಇಷ್ಟೇನಾ ಸಾ?’ ಅಂದ. ಪುಸ್ತಕವನ್ನು ಟವಲಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಹೋದ. ನನ್ನ ಕೈ ಇನ್ನೂ ಹಾಗೆಯೇ ಮೇಲಿತ್ತು.