ಕಣಿವೆಯ ರಾಣಿಯನ್ನು ಬಿಟ್ಟುಕೊಟ್ಟ ಕಾಜಾ ಅಕ್ಕ

ಅಂಗಿಯಲ್ಲಿ ಗುಂಡಿ ತೂರುವ ಕಂಡಿ ಇರುತ್ತದಲ್ಲ, ದರ್ಜಿಗಳ ಬಾಯಲ್ಲಿ ಅದು ಕಾಜಾ. ಆ ಕಂಡಿಯ ಅಂಚನ್ನು ಕೈಯಲ್ಲೇ ಹೊಲಿದು ಹೊಲಿದು ನಮ್ಮ ಬೀದಿಯ ಈ ಹೆಂಗಸಿಗೆ ಕಾಜಾ ಅಕ್ಕ ಎಂದೇ ಹೆಸರು ನಿಂತಿತು. ಗಂಡ ತೀರಿಕೊಂಡ ಮೇಲೆ ತಂಗಿಯ ಮನೆ ಸೇರಿದವಳು. ಬೆಳಗಾದರೆ ಹೊಲಿಗೆಯಂಗಡಿ. ಅಲ್ಲಿ ಕಿಟಕಿ ಪಕ್ಕ ಅವಳ ಸ್ಟೂಲು, ಎದುರಿಗೆ ಅಗಲವಾದ ಹಲಗೆಯ ಮೇಜು, ಮೇಜಿನ ಹಿಂದೆ ಬಟ್ಟೆ ಕತ್ತರಿಸುವ ಮಾಸ್ಟರು.

ಇಬ್ಬರಿಗೂ ಒಂದೇ ಹುಚ್ಚು. ಹಿಂದೆ ಒಂದು ವಾರಪತ್ರಿಕೆಯಲ್ಲಿ ಎರಡು ಧಾರಾವಾಹಿ ಬರುತ್ತಿದ್ದವು. ಒಂದರಲ್ಲಿ ಕಣಿವೆಯ ರಾಣಿ: ಕಡ್ಡಿಯಂಥ ಮೈ, ಎರಡು ಕೈಗೆ ಎರಡು ಗಿಡ್ಡ ಕತ್ತಿ, ಗುರಾಣಿ ಮುಟ್ಟಿದವಳೇ ಅಲ್ಲ. ಇನ್ನೊಂದರಲ್ಲಿ ಕಬ್ಬಿಣದ ಸರದಾರ: ಬಾಗಿಲಿನಷ್ಟು ಅಗಲ ಎದೆ, ಮೈತುಂಬ ಕವಚ, ಆಳುದ್ದದ ಖಡ್ಗ. ಎರಡೂ ಬೇರೆ ಬೇರೆ ಕಥೆ. ಅವಳು ಇವನನ್ನು ಕಂಡಿಲ್ಲ, ಇವನು ಅವಳನ್ನು ಕೇಳಿಲ್ಲ. ಪತ್ರಿಕೆ ನಿಂತು ಯಾವ ಕಾಲವಾಯಿತೋ. ಆದರೂ ಅವರಿಬ್ಬರನ್ನು ಅಂಗಡಿಯ ನಡುವೆ ಎದುರುಬದುರು ನಿಲ್ಲಿಸಿ, ಕಾದಾಡಿದರೆ ಗೆಲ್ಲುವವರು ಯಾರು ಅಂತ ಇವರಿಬ್ಬರು ಜಗಳ ಕಾಯುವುದು ಮಾತ್ರ ನಿಂತಿರಲಿಲ್ಲ. ರಾಣಿ ಕಾಜಾ ಅಕ್ಕನ ಪಕ್ಷ, ಸರದಾರ ಮಾಸ್ಟರ ಪಕ್ಷ.

"ನಿನ್ನ ರಾಣಿ ಉದ್ದ ಲಂಗ ತೊಟ್ಕೊಂಡು ಬರ್ತಾಳಲ್ಲ, ಮೊದಲ್ನೇ ಹೆಜ್ಜೆಗೇ ತುಳ್ಕೊಂಡು ಮುಗ್ಗರಿಸ್ತಾಳೆ. ಸರದಾರ ಖಡ್ಗ ಎತ್ತೋದೂ ಬೇಡ," ಅನ್ನುವರು ಮಾಸ್ಟರು.

"ಅವಳು ಅಂಚು ಮಡಚಿ ಹೊಲ್ಕೊಂಡಿದಾಳೆ ಮಾಸ್ಟ್ರೇ. ನಿಮ್ಮ ಸರದಾರನ ಕವಚ ನೋಡಿದೀರಾ? ಕಂಕುಳಲ್ಲಿ ಎಷ್ಟು ಬಿಗಿ! ಪಾಪ, ಕೈ ಕಿವಿವರೆಗೂ ಏರಲ್ಲ. ಯಾರು ಕತ್ತರಿಸಿ ಕೊಟ್ರೋ, ನೀವೇ ಇರ್ಬೇಕು."

ಯಂತ್ರ ತುಳಿಯುತ್ತಿದ್ದವರು ಕಾಲು ನಿಲ್ಲಿಸಿ ನಗುವರು. ಅಂಗಡಿಯಲ್ಲಿ ಇದಕ್ಕೊಂದು ಕಟ್ಟಳೆಯೇ ಇತ್ತು: ಇಸ್ತ್ರಿಪೆಟ್ಟಿಗೆಯ ಬಿಸಿ ಆರುವುದರೊಳಗೆ ಮರುಮಾತು ಹೊಳೆಯದವರು ಎಲ್ಲರಿಗೂ ಚಹಾ ತರಬೇಕು. ಚಹಾ ತಂದ ಮಾತ್ರಕ್ಕೆ ಪಕ್ಷ ಸೋತಂತಲ್ಲ, ಆವತ್ತಿನ ಬಾಯಿ ಸೋತಂತೆ, ಅಷ್ಟೇ. ಪಕ್ಷ ಬಿಟ್ಟುಕೊಟ್ಟವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ.

"ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರೆ," ಎಂದು ಮನೆಯಲ್ಲಿ ತಂಗಿ ಹಂಗಿಸುವಳು. "ನೀವಿಬ್ರು ಹುಟ್ಟದೇ ಇರೋ ಕೂಸುಗಳಿಗೆ ಕುಸ್ತಿ ಇಟ್ಟಿದೀರಲ್ಲೇ!"

"ನಿಂಗೇನು ಗೊತ್ತಾಗುತ್ತೆ, ಹೋಗೇ."

ಹೀಗಿರುವಾಗ ಮಾಸ್ಟರ ಬಲಗೈ ನಡುಗತೊಡಗಿತು. ಮೊದಲು ಸೀಮೆಸುಣ್ಣದ ಗೆರೆ ಅಲುಗಿತು. ಆಮೇಲೊಂದು ದಿನ ಕೋಟಿನ ಬಟ್ಟೆಯ ಮೇಲೆ ಕತ್ತರಿಯೇ ಗೆರೆ ಬಿಟ್ಟು ಓಡಿತು. ಯಾರೂ ಏನೂ ಅನ್ನಲಿಲ್ಲ. ಅವರೇ ಟೇಪನ್ನು ಕುತ್ತಿಗೆಯಿಂದ ತೆಗೆದು ಮೊಳೆಗೆ ತೂಗುಹಾಕಿ, ಊರಾಚೆ ತುದಿಯಲ್ಲಿದ್ದ ಮಗಳ ಮನೆಗೆ ಹೊರಟುಬಿಟ್ಟರು.

ಅವರ ಜಾಗಕ್ಕೆ ಬಂದವನು ಒಳ್ಳೆಯ ಕಸಬುಗಾರ, ಒಳ್ಳೆಯ ಮನುಷ್ಯ. ಎಷ್ಟು ಒಳ್ಳೆಯವನೆಂದರೆ, ಕಾಜಾ ಅಕ್ಕ ಸೂಜಿಗೆ ದಾರ ಪೋಣಿಸುತ್ತ "ಏನೇ ಅನ್ನಿ, ಆ ಸರದಾರ ನಮ್ಮ ರಾಣಿ ಕಾಲ ಧೂಳಿಗೂ ಸಮ ಅಲ್ಲ" ಎಂದು ಕೆಣಕಿದರೆ, "ಹೌದಕ್ಕಾ, ನೀವು ಹೇಳಿದ್ಮೇಲೆ ಮುಗೀತು" ಅನ್ನುವನು.

ಮುಗೀತಂತೆ! ಮುಗಿಯುವುದು ಯಾರಿಗೆ ಬೇಕಿತ್ತು? ಗೆದ್ದ ರಾಣಿ ಎರಡು ಕತ್ತಿ ಹಿಡಿದು ಅಂಗಡಿಯ ನಡುವೆ ಒಬ್ಬಳೇ ನಿಂತಂತಾಯಿತು, ಬೀಸೋಣವೆಂದರೆ ಎದುರಿಗೆ ಯಾರೂ ಇಲ್ಲ. ಮರುಮಾತಿಗೆ ಮುಂಚೆ ಮಾಸ್ಟರು ಗಂಟಲು ಕೆರೆಯುತ್ತಿದ್ದರು. ಈಗ ಕೇಳುತ್ತದೆ, ಇನ್ನೇನು ಕೇಳುತ್ತದೆ ಅಂತ ಕಾಜಾ ಅಕ್ಕ ಸೂಜಿ ಹಿಡಿದು ಕಾಯುವಳು. ಮೇಜಿನ ಮೇಲೆ ಕತ್ತರಿ ಕರಕರ ಅನ್ನುವುದು. ಅಷ್ಟೇ.

ರಜೆಯ ದಿನ ಮಾಸ್ಟರನ್ನು ನೋಡಿಕೊಂಡು ಬರಲು ಹೊರಟಳು. ಮಗಳು ಬಾಗಿಲು ತೆಗೆದಳು.

"ಬನ್ನಿ ಅತ್ತೆ. ಬೆಳಗ್ಗೆಯಿಂದ ಗೋಡೆ ನೋಡ್ಕೊಂಡು ಕೂತಿದಾರೆ. ನೀವಾದ್ರೂ ಮಾತಾಡ್ಸಿ."

ಮಾಸ್ಟರು ಕುರ್ಚಿಯಲ್ಲಿದ್ದರು. ಅಂಗಿಯ ಮೇಲಿನ ಗುಂಡಿ ಕೆಳಗಿನ ಕಾಜಾಕ್ಕೆ ಸೇರಿ ಕಾಲರು ಒಂದು ಕಡೆಗೆ ವಾಲಿತ್ತು. ಇವಳನ್ನು ಕಂಡದ್ದೇ ಮುಖ ಅರಳಿತು.

"ಬಾಮ್ಮಾ ಕಾಜಾ. ಏನಂತಾಳೆ ನಿನ್ನ ಕಡ್ಡಿ ರಾಣಿ? ಒಂದು ವಿಷ್ಯ ಹೊಳೀತು ನೋಡು. ಸರದಾರ ಅವಳ ಎರಡು ಮಣಿಕಟ್ಟೂ ಸೇರಿಸಿ ಒಂದೇ ಕೈಲಿ ಹಿಡ್ಕೊಂಡ ಅನ್ನು. ಆಗ?"

ಹೇಗೆ ಹಿಡಿಯುತ್ತಾನೆಂದು ತೋರಿಸಲು ಬಲಗೈ ಚಾಚಿದರು. ಕೈ ಗಾಳಿಯಲ್ಲಿ ಒದ್ದಾಡಿತು.

ಉತ್ತರ ಕಾಜಾ ಅಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳ ಕಣ್ಣು ಆ ಕೈ ಮೇಲೆ ನಿಂತಿತು. ಬಾಯಿಂದ ಬಂದದ್ದೇ ಬೇರೆ.

"ನಿಜ ಮಾಸ್ಟ್ರೇ. ನಿಮ್ಮ ಸರದಾರನೇ ಗೆಲ್ಲೋದು."

ಮಾಸ್ಟರ ಮುಖ ಬಿಳಿಚಿಕೊಂಡಿತು. "ಏನಂದೆ?"

"ಅವನೇ ಗೆಲ್ಲೋದು ಅಂದೆ."

"ಡಾಕ್ಟ್ರು ನಿನ್ನ ಹತ್ರ ಏನಾದ್ರೂ ಹೇಳಿದ್ರಾ?"

"ಅಯ್ಯೋ, ಬಿಡ್ತು ಅನ್ನಿ! ಯಾವ ಡಾಕ್ಟ್ರು?"

"ಮತ್ಯಾಕೆ ಬಿಟ್ಟುಕೊಟ್ಟೆ? ಸಾಯೋರ ಹತ್ರ ಮಾತ್ರ ಜನ ಹೀಗೆ ಎಲ್ಲದಕ್ಕೂ ಹೂಂ ಅನ್ನೋದು." ಹಾಗೆಂದವರು ಗೋಡೆಯ ಕಡೆ ತಿರುಗಿ ಕೂತರು.

ಆ ವಾರವೆಲ್ಲ ಕಾಜಾ ಅಕ್ಕನ ಹೊಲಿಗೆ ಕೆಟ್ಟಿತು. ತಪ್ಪಿದ ಹೊಲಿಗೆ ಬಿಚ್ಚಬಹುದು, ಆಡಿದ ಮಾತು ಬಿಚ್ಚಲಾದೀತೇ?

"ಹೋಗಿ ತಪ್ಪಾಯ್ತು ಅಂದ್ಬಿಡು," ಅಂದಳು ತಂಗಿ.

"ತಪ್ಪಾಯ್ತು ಅಂದ್ರೆ ಅದೂ ಇನ್ನೊಂದು ಸೋಲೇ ಕಣೇ. ಇನ್ನೂ ಕುಗ್ಗಿಹೋಗ್ತಾರೆ."

ಮುಂದಿನ ರಜೆಗೆ ಹೋದವಳು ಹೊಸ್ತಿಲಲ್ಲೇ ನಿಂತು ಶುರುಮಾಡಿದಳು. "ಮಣಿಕಟ್ಟು ಹಿಡಿದ್ರೆ ಹಿಡೀಲಿ ಮಾಸ್ಟ್ರೇ, ರಾಣಿಗೆ ಕಾಲಿಲ್ವಾ? ಮೊಣಕಾಲಲ್ಲಿ ಒಂದು ಕೊಟ್ಟಳು ಅಂದ್ರೆ..."

"ಅದೆಲ್ಲ ನಡಿಯಲ್ಲ," ಮಾಸ್ಟರು ತಡೆದರು. "ಬಿಟ್ಟುಕೊಟ್ಟ ಮೇಲೆ ರಾಣಿ ನಿನ್ನವಳಲ್ಲ. ಅವಳು ಅನಾಥೆ ಆಗ್ಬಾರ್ದು ಅಂತ ನಾನು ತಗೊಂಡೆ. ಇನ್ಮೇಲೆ ನಾನು ಅವಳ ಕಡೆ. ಸರದಾರನ್ನ ನೀನಿಟ್ಕೋ."

"ಆ ತಗಡಿನ ಡಬ್ಬಾನಾ? ನಾನಾ?"

"ಗೆಲ್ಲೋನು ಅವನೇ ಅಂದೋಳು ನೀನೇ ತಾನೆ? ಈಗ ಕೇಳು. ರಾಣಿ ಗಾಳಿಗೆ ಬೆನ್ನು ಕೊಟ್ಟು ನಿಲ್ತಾಳೆ, ಧೂಳೆಲ್ಲ ಎದುರಿನವನ ಕಣ್ಣಿಗೆ. ಕತ್ತಿ ಬೀಸೋ ಮುಂಚೆ ತುಟಿ ಕಚ್ತಾಳೆ. ಎಡಗೈ ಕತ್ತಿ ಯಾವಾಗ್ಲೂ ಸ್ವಲ್ಪ ಕೆಳಗೆ, ಯಾಕಂದ್ರೆ ಅವಳ ಎಡಭುಜ ಒಂಚೂರು ಇಳಿದಿದೆ. ಇಷ್ಟು ಕಾಲ ಅವಳ ಪಕ್ಷ ಹಿಡಿದೆಯಲ್ಲ, ಇದನ್ನ ಒಂದು ದಿನಾನಾದ್ರೂ ಹೇಳಿದೀಯಾ?"

ಹೇಳಿರಲಿಲ್ಲ. ಹೇಗೆ ಹೇಳಿಯಾಳು? ಧಾರಾವಾಹಿಯಲ್ಲಿ ಅಂಥದ್ದು ಎಲ್ಲೂ ಇರಲಿಲ್ಲ. ಸ್ಟೂಲಿನ ಮೇಲೆ ಬಗ್ಗಿ ಬಗ್ಗಿ ಇಳಿದದ್ದು ಕಾಜಾ ಅಕ್ಕನ ಭುಜ. ಸಣ್ಣ ಹೊಲಿಗೆ ಬಂದಾಗ ತುಟಿ ಕಚ್ಚುವವಳೂ ಅವಳೇ.

ಸುಮ್ಮನೆ ಕೂತು ಇನ್ನಷ್ಟು ಕೇಳಬೇಕೆನ್ನಿಸಿತು. ಆದರೆ ಸುಮ್ಮನಿದ್ದರೆ ಒಪ್ಪಿದಂತೆ, ಒಪ್ಪಿದರೆ ಆ ಬಾಯಿ ಮತ್ತೆ ಮುಚ್ಚುತ್ತದೆ.

"ಭುಜ ಇಳಿದಿದ್ರೆ ಒಳ್ಳೇದೇ ಆಯ್ತು," ಅಂದಳು. "ನಮ್ಮ ಸರದಾರ ಆ ಕಡೆಗೇ ಹೊಡೀತಾನೆ."

"ಹೊಡೀಲಿ ನೋಡೋಣ! ಅವಳ ಕೈ ನೀನು ನೋಡಿಲ್ಲ," ಎಂದು ಮಾಸ್ಟರು ಕುರ್ಚಿ ಮುಂದಕ್ಕೆಳೆದುಕೊಂಡರು.

ಈಗಲೂ ಪ್ರತಿ ರಜೆಗೆ ಕಾಜಾ ಅಕ್ಕ ಅಲ್ಲಿಗೆ ಹೋಗಿ ರಾಣಿಯನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. ಕಡ್ಡಿ ಅನ್ನುತ್ತಾಳೆ, ಬಜಾರಿ ಅನ್ನುತ್ತಾಳೆ, ಕೈಲಾಗದವಳು ಅನ್ನುತ್ತಾಳೆ. ಎಷ್ಟು ಬೈದರೆ ಅಷ್ಟೂ ಹೊಗಳಿಕೆ ಆ ಕುರ್ಚಿಯಿಂದ ಬರುತ್ತದೆ. ಸಂಜೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ವಾಪಸು ಬರುವಾಗ, ಇನ್ನೆರಡು ಮಾತು ಬೈಯಬಹುದಿತ್ತಲ್ಲ ಅಂತ ಅನ್ನಿಸುತ್ತದೆ ಅವಳಿಗೆ.